ಬದುವಿನ ಹೊಂಗೆ: ಕಾಯಿಯಿಂದ ಎಣ್ಣೆ, ಸೋಪು, ಗ್ಯಾಸು

ಶಿವರಾತ್ರಿ ಕಳೆದ ಮೇಲೆ ನಮ್ಮ ತೋಟದ ಬದುವಿನಲ್ಲಿ ನಡೆದರೆ ಚಪ್ಪಲಿಯಡಿ ಹೊಂಗೆ ಕಾಯಿ ಚಟಪಟ ಅನ್ನುತ್ತದೆ. ಎಷ್ಟೋ ವರ್ಷ ನಾವು ಅದನ್ನು ತರಗಿನ ಜೊತೆ ಗುಡಿಸಿ ಬೆಂಕಿ ಹಾಕುತ್ತಿದ್ದೆವು. ನಮ್ಮಜ್ಜಿ ಕಾಲದಲ್ಲಿ ಹಾಗಿರಲಿಲ್ಲ. ದೀಪಕ್ಕೆ ಹೊಂಗೆ ಎಣ್ಣೆ, ದನದ ಗಾಯಕ್ಕೂ ಅದೇ ಎಣ್ಣೆ, ಗದ್ದೆಗೆ ಹೊಂಗೆ ಸೊಪ್ಪು, ತೆಂಗಿನ ಬುಡಕ್ಕೆ ಹೊಂಗೆ ಹಿಂಡಿ. ಸೀಮೆಎಣ್ಣೆ ಬಂತು, ಆಮೇಲೆ ಯೂರಿಯಾ ಬಂತು. ಹೊಂಗೆ ಬರೀ ನೆರಳಿಗೆ ಉಳಿಯಿತು.

ಈಗ ಹೊಂಗೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅದರಿಂದ ಡೀಸೆಲ್ ಮಾಡ್ತಾರಂತಲ್ಲ?" ಮಾಡುತ್ತಾರೆ, ನಿಜ. ಆದರೆ ಕಾಯಿ ಕೈಗೆ ಸಿಕ್ಕ ಕೂಡಲೇ ಡೀಸೆಲ್ ಕಡೆ ಓಡಿದವರು ಕೈ ಸುಟ್ಟುಕೊಂಡಿದ್ದನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಆರು ವರ್ಷ ಬಡಿದು, ಒಣಗಿಸಿ, ಗಾಣ ಸುತ್ತಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಎಣ್ಣೆಯನ್ನು ಎಂಜಿನ್ನಿಗೆ ಸುರಿಯುವುದು ಕೊನೆಯ ಕೆಲಸ. ಮೊದಲು ಅದು ಮನೆಗೆ ಬೇಕಾದ ಸಾಮಾನಾಗಲಿ. ಉರಿಸಲು ಸಿಪ್ಪೆ ಇದೆ, ಗ್ಯಾಸಿಗೆ ಹಿಂಡಿ ಇದೆ. ಈ ಲೇಖನವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಮರ ಎಣಿಸಿ

ನಿಮ್ಮ ಬದುವಿನಲ್ಲಿ, ಹಿತ್ತಲಲ್ಲಿ ಕಾಯಿ ಬಿಡುವ ಮರ ಎಷ್ಟಿವೆ ನೋಡಿ. ಹೊಂಗೆಯಲ್ಲಿ ಒಂದು ಮರದಂತೆ ಇನ್ನೊಂದಿಲ್ಲ. ಅಕ್ಕಪಕ್ಕದ ಎರಡು ಮರಗಳಲ್ಲಿ ಒಂದು ಗೊಂಚಲು ಗೊಂಚಲಾಗಿ ಬಿಟ್ಟಿರುತ್ತದೆ, ಇನ್ನೊಂದರಲ್ಲಿ ಎಲೆ ತುಂಬ ಗಂಟು. ಆ ಗಂಟು ನುಸಿಯ ಕಾಟ. ಅಂಥ ಮರದಲ್ಲಿ ಕಾಯಿ ಕಡಿಮೆ. ಚೆನ್ನಾಗಿ ಬಿಡುವ ಮರಕ್ಕೆ ಸುಣ್ಣದಲ್ಲಿ ಗುರುತು ಹಾಕಿಡಿ, ಮುಂದೆ ಸಸಿ ಮಾಡುವಾಗ ಬೇಕಾಗುತ್ತದೆ.

ಅಂದಾಜಿಗೆ, ಹತ್ತು ವರ್ಷ ದಾಟಿದ ಸಾಧಾರಣ ಮರಕ್ಕೆ 10ರಿಂದ 20 ಕಿಲೋ ಸುಲಿದ ಬೀಜ ಇಟ್ಟುಕೊಳ್ಳಿ. ದೊಡ್ಡ ಮರ ಇದಕ್ಕಿಂತ ಎಷ್ಟೋ ಜಾಸ್ತಿ ಕೊಡಬಹುದು, ಆದರೆ ಲೆಕ್ಕ ಕಡಿಮೆಯಲ್ಲೇ ಹಾಕುವುದು ಒಳ್ಳೆಯದು. ನಿಮ್ಮಲ್ಲಿ 20 ಮರ ಇವೆ, ಮರಕ್ಕೆ 15 ಕಿಲೋ ಅಂದುಕೊಳ್ಳೋಣ. ಒಟ್ಟು 300 ಕಿಲೋ ಬೀಜ. ಎಕ್ಸ್‌ಪೆಲ್ಲರ್ ಗಾಣದಲ್ಲಿ, ಅಂದರೆ ತಿರುಪು ಒತ್ತಿ ಹಿಂಡುವ ಯಂತ್ರದ ಗಾಣದಲ್ಲಿ, ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಕಿಲೋ ಎಣ್ಣೆ. ಅಲ್ಲಿಗೆ 75 ಕಿಲೋ, ಅಂದರೆ 80 ಲೀಟರ್ ಎಣ್ಣೆ. ಹಿಂಡಿ 215 ಕಿಲೋ ಆಸುಪಾಸು. ಸಿಪ್ಪೆಯೂ ಹೆಚ್ಚುಕಡಿಮೆ ಬೀಜದಷ್ಟೇ ತೂಗುತ್ತದೆ.

ಈ ಮೂರು ಸಂಖ್ಯೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಣ್ಣೆ 80 ಲೀಟರ್, ಹಿಂಡಿ 215 ಕಿಲೋ, ಸಿಪ್ಪೆ 300 ಕಿಲೋ. ಇದರಲ್ಲಿ ಯಾವುದು ದೊಡ್ಡದು ಅಂತ ಕಣ್ಣಿಗೇ ಕಾಣುತ್ತದೆ, ಅಲ್ವಾ?

ಇನ್ನೊಂದು ಮಾತು. ರಸ್ತೆ ಬದಿಯ ಮರ, ಕೆರೆ ಏರಿಯ ಮರ ಯಾರದ್ದೂ ಅಲ್ಲ ಅಂತ ಅನ್ನಿಸುತ್ತದೆ. ಎಷ್ಟೋ ಕಡೆ ಅವುಗಳ ಫಸಲು ಹರಾಜಾಗಿರುತ್ತದೆ. ಪಂಚಾಯ್ತಿಯಲ್ಲಿ ಕೇಳದೆ ಕೈ ಹಾಕಬೇಡಿ.

ಕಾಯಿ ಇಳಿಸುವುದು

ಯುಗಾದಿ ಆಸುಪಾಸಿಗೆ ಹೊಂಗೆ ಚಿಗುರಿ, ಅದರ ಬೆನ್ನಿಗೇ ಹೂ ಬಿಡುತ್ತದೆ. ಆ ಹೂವು ಬಲಿತ ಕಾಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಹೋದ ವರ್ಷದ ಹೂವು ಈ ವರ್ಷ ಎಲೆ ಉದುರುವ ಹೊತ್ತಿಗೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಇಳಿಸಲು ಬರುತ್ತದೆ. ಕಾಯಿ ಹಸಿರು ಬಿಟ್ಟು ಕಂದು ಅಥವಾ ಬೂದಿ ಬಣ್ಣಕ್ಕೆ ತಿರುಗಿರಬೇಕು. ಕೈಯಲ್ಲಿ ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡಬೇಕು.

ಮರದ ಕೆಳಗೆ ಟಾರ್ಪಾಲು ಹಾಸಿ ದೋಟಿಯಲ್ಲಿ ಕೊಂಬೆ ಅಲ್ಲಾಡಿಸಿ. ಬಲಿತದ್ದು ತಾನೇ ಬೀಳುತ್ತದೆ. ಅವಸರಕ್ಕೆ ಕೊಂಬೆ ಕಡಿಯುವವರಿದ್ದಾರೆ. ಬೇಡ. ಮುಂದಿನ ವರ್ಷದ ಹೂವು ಬರುವುದು ಅದೇ ಕೊಂಬೆಗಳ ಹೊಸ ಚಿಗುರಿನಲ್ಲಿ.

ಮಳೆಗೆ ಮುಂಚೆ ಈ ಕೆಲಸ ಮುಗಿಯಬೇಕು. ಮೇ ತಿಂಗಳ ಅಡ್ಡಮಳೆಗೆ ನೆನೆದು ನೆಲದಲ್ಲಿ ಬಿದ್ದ ಕಾಯಿ ನೋಡಲು ಚೆನ್ನಾಗೇ ಇರುತ್ತದೆ. ಒಡೆದರೆ ಬೀಜದ ಮೇಲೆ ಬೂಷ್ಟು. ಅಂಥ ಹತ್ತು ಕಿಲೋ ಒಳ್ಳೆಯದರ ಜೊತೆ ಸೇರಿದರೂ ಇಡೀ ಎಣ್ಣೆ ಕೆಡುತ್ತದೆ. ಹೇಗೆ ಕೆಡುತ್ತದೆ ಅನ್ನುವುದು ಅರಿಶಿನದ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮುಂದೆ ಹೇಳುತ್ತೇನೆ.

ಒಣಗಿಸಿ ಬಡಿಯುವುದು

ಕಣದಲ್ಲಿ ಅಥವಾ ತಾರಸಿ ಮೇಲೆ ನಾಲ್ಕು ದಿನ ಚೆನ್ನಾಗಿ ಬಿಸಿಲು ಕಾಣಿಸಿ. ಸಂಜೆ ಗುಡ್ಡೆ ಮಾಡಿ ಮುಚ್ಚಿ, ಬೆಳಿಗ್ಗೆ ಹರಡಿ. ಕಾಯಿ ತಾನಾಗಿ ಬಿರಿಯುವುದಿಲ್ಲ, ಸಿಪ್ಪೆ ಮರದ ಚಕ್ಕೆಯ ಹಾಗೆ ಗಟ್ಟಿ. ಕೊಡತಿಯಲ್ಲಿ ಅಂಚಿಗೆ ಒಂದು ಏಟು ಹಾಕಿದರೆ ಎರಡು ಹೋಳಾಗಿ ಕೆಂಪುಕಂದು ಬೀಜ ಹೊರಗೆ ಬರುತ್ತದೆ. ಒಂದು ಕಾಯಿಗೆ ಒಂದೇ ಬೀಜ, ಅಪರೂಪಕ್ಕೆ ಎರಡು. ಒಂದು ಕಿಲೋಗೆ ಸಾವಿರ ಬೀಜದ ಆಸುಪಾಸು ತೂಗುತ್ತದೆ. 300 ಕಿಲೋ ಅಂದರೆ ಮೂರು ಲಕ್ಷ ಏಟು! ಈ ಕೆಲಸಕ್ಕೆ ಎಷ್ಟು ಕೈ ಬೇಕು ಅಂತ ಈಗ ಅಂದಾಜಾಗಿರಬೇಕು.

ನಾವು ಮೊದಲ ವರ್ಷ ಹುಣಸೆ ಬಡಿದ ಹಾಗೆ ಬಡಿದೆವು. ಎರಡನೇ ವರ್ಷ ಗುಂಪಾಗಿ ಸೇರಿ ಸುಲಿಯುವ ಯಂತ್ರ ಬಾಡಿಗೆಗೆ ತಂದೆವು. ನೂರು ಕಿಲೋ ಒಳಗಾದರೆ ಕೊಡತಿ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಯಂತ್ರವೇ ಬೇಕು. ಬಡಿದ ಮೇಲೆ ಮೊರದಲ್ಲಿ ಕೇರಿ, ಸಿಪ್ಪೆಯನ್ನು ಬೇರೆ ಚೀಲಕ್ಕೆ ತುಂಬಿ. ಬಿಸಾಡಬೇಡಿ.

ಸುಲಿದ ಬೀಜಕ್ಕೆ ಇನ್ನೂ ಎರಡು ದಿನ ಬಿಸಿಲು ಬೇಕು. ಒಂದು ಬೀಜ ತೆಗೆದು ಎರಡು ಬೆರಳಲ್ಲಿ ಮುರಿಯಿರಿ. ಟಕ್ ಅಂತ ಮುರಿದರೆ ಆಯಿತು, ಬಾಗಿದರೆ ಇನ್ನೂ ಹಸಿ. ಗೋಣಿಚೀಲಕ್ಕೆ ತುಂಬಿ ಹಲಗೆ ಮೇಲೆ ಜೋಡಿಸಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ.

ಗಾಣದಲ್ಲಿ ಕಣ್ಣು ಬಿಟ್ಟು ಕೂರಬೇಕು

ಹೊಂಗೆ ತಿನ್ನುವ ಎಣ್ಣೆಯಲ್ಲ. ಕರಂಜಿನ್ ಅನ್ನುವ ಕಹಿ ಪದಾರ್ಥ ಅದರಲ್ಲಿದೆ. ಹಾಗಾಗಿ ಕೊಬ್ಬರಿ, ಕಡಲೆಕಾಯಿ ಆಡಿಸುವ ಗಾಣದವರು ಇದನ್ನು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಬೇವು, ಹೊಂಗೆ, ಇಪ್ಪೆ ಆಡಿಸುವ ಗಾಣ ಹುಡುಕಿ. ನಮಗೆ ಸಿಕ್ಕಿದ್ದು ಮೂವತ್ತು ಕಿಲೋಮೀಟರ್ ದೂರದಲ್ಲಿ. ಅಷ್ಟು ದೂರ ಹೋಗುವುದಾದರೆ ನಾಲ್ಕು ಮನೆಯ ಬೀಜ ಒಟ್ಟಿಗೆ ಒಯ್ಯುವುದೇ ಲಾಭ. ಆದರೆ ನಿಮ್ಮ ಚೀಲಕ್ಕೆ ಗುರುತಿರಲಿ.

ಹೋಗುವಾಗ ಬೀಜ ತೂಕ ಹಾಕಿಸಿ, ಬರುವಾಗ ಎಣ್ಣೆಯನ್ನೂ ಹಿಂಡಿಯನ್ನೂ ತೂಕ ಹಾಕಿಸಿ. ಮೊದಲ ಸಲ ಯಜಮಾನರು ಹೇಳಿದರು: "ಹಿಂಡಿ ಇಲ್ಲೇ ಬಿಟ್ಟೋಗಿ ಸ್ವಾಮಿ, ಆಡಿಸಿದ ಕೂಲಿಗೆ ಸರಿ ಮಾಡ್ಕೋತೀನಿ." ನಾನು ಖುಷಿಯಿಂದ ಬಿಟ್ಟು ಬಂದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ಗೊತ್ತಾಯಿತು, ತಂದ ಎಣ್ಣೆಯ ಮೂರರಷ್ಟು ತೂಕದ ಮಾಲು ಕೂಲಿಗೆ ಕೊಟ್ಟು ಬಂದಿದ್ದೆ. ಅವರದ್ದೇನೂ ತಪ್ಪಿಲ್ಲ, ಕೇಳಿದರು, ನಾನು ಕೊಟ್ಟೆ.

ಹಿಂಡಿ ಗಾಣದಿಂದ ಬಿಸಿಬಿಸಿಯಾಗಿ ಬರುತ್ತದೆ. ಅಲ್ಲೇ ಚೀಲಕ್ಕೆ ಒತ್ತಿ ತುಂಬಬೇಡಿ. ಆರಿದ ಮೇಲೆ ತುಂಬಿ.

ಎಣ್ಣೆ ತಿಳಿಯಾಗಲಿ

ತಾಜಾ ಎಣ್ಣೆ ಕಿತ್ತಳೆ ಬಣ್ಣಕ್ಕಿಂತ ಸ್ವಲ್ಪ ಗಾಢ, ವಾಸನೆ ಕಟು. ಒಂದು ವಾರ ಡ್ರಮ್ಮಿನಲ್ಲಿ ಅಲ್ಲಾಡಿಸದೆ ಬಿಡಿ. ತಳದಲ್ಲಿ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಮುಚ್ಚಳ ಬಿಗಿಯುವ ಕ್ಯಾನಿಗೆ ಹಾಕಿ. ಕ್ಯಾನಿನ ತುಂಬ ಎಣ್ಣೆ ಇರಲಿ. ಅರ್ಧ ಖಾಲಿ ಕ್ಯಾನಿನಲ್ಲಿ ಗಾಳಿ ಸೇರಿ ಬೇಗ ಕೆಡುತ್ತದೆ. ತಳದ ಗಸಿ ಗೋಬರ್ ಗ್ಯಾಸ್ ಗುಂಡಿಗೆ ಹೋಗಲಿ.

ಈಗ ಅರಿಶಿನದ ಪರೀಕ್ಷೆ. ಎಣ್ಣೆ ಎಷ್ಟು ಕೆಟ್ಟಿದೆ ಅಂದರೆ ಅದರಲ್ಲಿ ಬಿಡಿ ಆಮ್ಲ ಎಷ್ಟಿದೆ ಅಂತ. ಬೀಜ ನೆನೆದಷ್ಟೂ, ಹಳತಾದಷ್ಟೂ ಎಣ್ಣೆ ಒಡೆದು ಈ ಆಮ್ಲ ಜಾಸ್ತಿ ಆಗುತ್ತದೆ. ಅದು ಎಂಜಿನ್ನಿನ ತಾಮ್ರ, ಹಿತ್ತಾಳೆ ಭಾಗಗಳನ್ನು ತಿನ್ನುತ್ತದೆ. ಎಣ್ಣೆಯಿಂದ ಡೀಸೆಲ್, ಅಂದರೆ ಬಯೋಡೀಸೆಲ್, ಮಾಡುವಾಗ ಸೋಪಿನ ನೊರೆಯಾಗಿ ಕೆಲಸ ಕೆಡಿಸುತ್ತದೆ.

ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಸರಿಯಾಗಿ ಒಂದು ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ. ತೂಕಕ್ಕೆ ಅಕ್ಕಸಾಲಿಗರ ತಕ್ಕಡಿ ಬೇಕು, ಅಡುಗೆಮನೆಯದ್ದು ಸಾಲದು. ಸಣ್ಣ ಗಾಜಿನ ಲೋಟದಲ್ಲಿ 10 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಚಿಟಿಕೆ ಅರಿಶಿನ ಹಾಕಿ. ಹಳದಿಯಾಗುತ್ತದೆ. ಆಲ್ಕೊಹಾಲಿನಲ್ಲೇ ಸ್ವಲ್ಪ ಹುಳಿ ಇರಬಹುದು. ಅದಕ್ಕೆ ಮೊದಲು ಕಾಸ್ಟಿಕ್ ನೀರು ಹನಿ ಹನಿ ಬಿಟ್ಟು ಕೆಂಪು ಕಾಣುತ್ತಿದ್ದಂತೆ ನಿಲ್ಲಿಸಿ. ಈಗ 1 ಎಂಎಲ್ ಹೊಂಗೆ ಎಣ್ಣೆ ಹಾಕಿ ಕಲಕಿ. ಮತ್ತೆ ಹಳದಿಗೆ ತಿರುಗುತ್ತದೆ. ಸಿರಿಂಜಿನಲ್ಲಿ ಕಾಸ್ಟಿಕ್ ನೀರು ಹನಿ ಹನಿಯಾಗಿ ಬಿಡಿ, ಕಲಕುತ್ತಾ ಇರಿ. ಆರತಿ ನೀರಿಗೆ ಸುಣ್ಣ ಹಾಕಿದಾಗ ಬರುವ ಕೆಂಪು ಗೊತ್ತಲ್ಲ, ಅದೇ ಬಣ್ಣ ಬಂದು ಹದಿನೈದು ಸೆಕೆಂಡ್ ಹಾಗೇ ನಿಂತರೆ ಮುಗಿಯಿತು. ಎಷ್ಟು ಎಂಎಲ್ ಖರ್ಚಾಯಿತು ನೋಡಿ. ಒಂದು ಎಂಎಲ್‌ಗೆ ಶೇ 0.77 ಆಮ್ಲ. ಎರಡು ಎಂಎಲ್ ಆದರೆ ಶೇ 1.5, ಒಳ್ಳೆ ಎಣ್ಣೆ. ನಾಲ್ಕು ದಾಟಿದರೆ ಅದು ಶೇ 3ರ ಮೇಲೆ, ಎಂಜಿನ್ ಕಡೆ ತರಬೇಡಿ.

ನಮ್ಮ ಮೊದಲ ವರ್ಷದ ಎಣ್ಣೆಗೆ ಹನ್ನೊಂದು ಎಂಎಲ್ ಹೋಯಿತು. ಆ ಸಲ ಅಡ್ಡಮಳೆಗೆ ನೆನೆದ ಕಾಯಿಯನ್ನೂ ಆರಿಸಿ ತುಂಬಿದ್ದೆವು.

ಮೊದಲ ಪಾಲು ಮನೆಗೆ

ದೀಪಕ್ಕೆ ಹೊಂಗೆ ಎಣ್ಣೆ ಚೆನ್ನಾಗಿ ಉರಿಯುತ್ತದೆ. ದಪ್ಪ ಬತ್ತಿ ಬೇಕು, ಸ್ವಲ್ಪ ಹೊಗೆಯಿದೆ. ಹೊರಗಿನ ಕಟ್ಟೆಗೆ ಸರಿ, ಮುಚ್ಚಿದ ಕೋಣೆಗೆ ಬೇಡ.

ನೇಗಿಲು, ಗುದ್ದಲಿ ಕಾವು, ಕೊಟ್ಟಿಗೆಯ ಗೂಟಗಳಿಗೆ ವರ್ಷಕ್ಕೆ ಎರಡು ಸಲ ಬಳಿದರೆ ಗೆದ್ದಲು ಹತ್ತಿರ ಬರುವುದು ಕಡಿಮೆ. ಅಡುಗೆಮನೆಯ ಮರದ ಸಾಮಾನಿಗೆ ಬಳಿಯಬೇಡಿ.

ಗಿಡಕ್ಕೆ ಸಿಂಪಡಿಸಲು ಲೀಟರ್ ನೀರಿಗೆ 5 ಎಂಎಲ್ ಸಾಕು. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಮೊದಲು ಎಣ್ಣೆಗೆ ಸೋಪಿನ ನೀರು ಸ್ವಲ್ಪ ಹಾಕಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಸಂಜೆ ಹೊಡೆಯಿರಿ. ಎರಡು ಗಿಡಕ್ಕೆ ಹೊಡೆದು ಮೂರು ದಿನ ನೋಡಿ, ಆಮೇಲೆ ಉಳಿದವಕ್ಕೆ.

ಸೋಪು ನನ್ನ ಇಷ್ಟದ ಭಾಗ. ಬರೀ ಹೊಂಗೆ ಎಣ್ಣೆಯ ಸೋಪು ಮೆತ್ತಗಾಗುತ್ತದೆ, ನೊರೆ ಕಡಿಮೆ, ವಾಸನೆ ಜಾಸ್ತಿ. ನಮ್ಮ ತಿಪಟೂರು ಕಡೆ ಕೊಬ್ಬರಿ ಎಣ್ಣೆಗೇನು ಕೊರತೆ? ಬೆರೆಸಿದೆವು. ಬಟ್ಟೆ ಸೋಪಿನ ಅಳತೆ ಇದು: ಕೊಬ್ಬರಿ ಎಣ್ಣೆ 600 ಗ್ರಾಂ, ಹೊಂಗೆ ಎಣ್ಣೆ 400 ಗ್ರಾಂ, ಕಾಸ್ಟಿಕ್ ಸೋಡಾ 150 ಗ್ರಾಂ, ನೀರು 330 ಗ್ರಾಂ. ಎಣ್ಣೆಯನ್ನೂ ತೂಕದಲ್ಲೇ ತೆಗೆದುಕೊಳ್ಳಿ, ಲೋಟದ ಅಳತೆ ಬೇಡ. ಎರಡು ಎಣ್ಣೆಗೂ ಕಾಸ್ಟಿಕ್ ಬೇರೆ ಬೇರೆ ಪ್ರಮಾಣದಲ್ಲಿ ಬೇಕು. ಕೊಬ್ಬರಿ ಎಣ್ಣೆಗೆ ಕಿಲೋಗೆ 180 ಗ್ರಾಂ ಹತ್ತಿರ, ಹೊಂಗೆಗೆ 132 ಗ್ರಾಂ. ಅದಕ್ಕೇ ಹೊಂಗೆ ಪಾಲು ಬದಲಿಸಿದರೆ ಕಾಸ್ಟಿಕ್ ಲೆಕ್ಕವನ್ನೂ ಬದಲಿಸಬೇಕು. ಸ್ವಲ್ಪ ಎಣ್ಣೆ ಉಳಿಯುವ ಹಾಗೆ ಲೆಕ್ಕಕ್ಕಿಂತ ಕಡಿಮೆಯೇ ಹಾಕುವುದು ರೂಢಿ. ಮೇಲಿನ 150 ಗ್ರಾಂ ಹಾಗೆ ಬಂದದ್ದು.

ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಬಯಲಲ್ಲಿ ಕುಳಿತು ಸ್ಟೀಲ್ ಪಾತ್ರೆಯಲ್ಲಿ ನೀರು ತೆಗೆದುಕೊಂಡು ಅದಕ್ಕೆ ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಹಾಕಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ, ಕಾಸ್ಟಿಕ್ ಅದನ್ನೇ ತಿನ್ನುತ್ತದೆ. ನೀರು ಬಿಸಿಯೇಳುತ್ತದೆ, ಆರಲು ಬಿಡಿ. ಕೈಗೆ ಉಗುರುಬೆಚ್ಚಗಿರುವ ಎಣ್ಣೆಗೆ ಇದನ್ನು ನೂಲಿನಂತೆ ಬಿಡುತ್ತಾ ಮರದ ಕಡ್ಡಿಯಲ್ಲಿ ಒಂದೇ ದಿಕ್ಕಿಗೆ ತಿರುವಿ. ಮೊದಲು ತೆಳು ಸಾಂಬಾರಿನ ಹಾಗಿದ್ದದ್ದು ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಕಡ್ಡಿ ಎತ್ತಿ ಸುರಿದರೆ ಮೇಲೆ ಗೆರೆ ನಿಲ್ಲಬೇಕು. ಆಗ ಅಚ್ಚಿಗೆ ಹಾಕಿ. ಮಾರನೇ ದಿನ ಕೊಯ್ದು, ಗಾಳಿಯಾಡುವ ಕಡೆ ನಾಲ್ಕು ವಾರ ಬಿಡಿ. ಅಷ್ಟರೊಳಗೆ ಬಳಸಿದರೆ ಕೈ ಉರಿಯುತ್ತದೆ. ನಮ್ಮ ಮನೆಯವರು ಮೂರನೇ ವಾರಕ್ಕೇ ಬಳಸಿ ನನಗೆ ಚೆನ್ನಾಗಿ ಬೈದರು.

ಹಿಂಡಿ: ಗ್ಯಾಸೂ ಬೇಕು, ಗೊಬ್ಬರವೂ ಬೇಕು

ಹೊಂಗೆ ಹಿಂಡಿಯಲ್ಲಿ ಸಾರಜನಕ ಶೇ 4ರ ಆಸುಪಾಸು, ಜೊತೆಗೆ ರಂಜಕ, ಪೊಟ್ಯಾಷ್ ಸುಮಾರು ಶೇ ಒಂದೊಂದು. 215 ಕಿಲೋ ಹಿಂಡಿಯಲ್ಲಿ ಎಂಟೂವರೆ ಕಿಲೋ ಸಾರಜನಕ. ಯೂರಿಯಾಗೆ ಹೋಲಿಸಿದರೆ ಇದು 45 ಕಿಲೋ ಮೂಟೆಯ ಅರ್ಧಕ್ಕಿಂತ ಕಡಿಮೆ. ಇಷ್ಟೇನಾ ಅಂತ ನಿಮಗೆ ಅನ್ನಿಸಬಹುದು. ಆದರೆ ಯೂರಿಯಾ ಒಂದು ಮಳೆಗೆ ಕೊಚ್ಚಿಹೋಗುತ್ತದೆ. ಹಿಂಡಿ ನಿಧಾನಕ್ಕೆ ಬಿಡುತ್ತದೆ, ಗೆದ್ದಲಿಗೂ ಬೇರಿನ ಜಂತುಹುಳಕ್ಕೂ ತಡೆ. ತೆಂಗು, ಅಡಿಕೆ, ಕಬ್ಬು ಬೆಳೆಯುವವರು ದುಡ್ಡು ಕೊಟ್ಟು ತರುವುದು ಅದಕ್ಕೇ.

ಇನ್ನೂ ಒಂದು ದಾರಿ ಇದೆ. ಹಿಂಡಿ ನೇರವಾಗಿ ಮಣ್ಣಿಗೆ ಹೋಗುವ ಮುಂಚೆ ಗೋಬರ್ ಗ್ಯಾಸ್ ಗುಂಡಿಯ ಮೂಲಕ ಹೋಗಲಿ. ಗ್ಯಾಸಾಗಿ ಹೋಗುವುದು ಇಂಗಾಲ ಮತ್ತು ಜಲಜನಕ. ಸಾರಜನಕ ಗುಂಡಿಯಿಂದ ಹೊರಬರುವ ಬಗ್ಗಡದಲ್ಲೇ, ಅಂದರೆ ಸ್ಲರಿಯಲ್ಲೇ, ಉಳಿಯುತ್ತದೆ. ಒಂದೇ ಹಿಂಡಿಯಲ್ಲಿ ಅಡುಗೆಯೂ ಆಯಿತು, ಗೊಬ್ಬರವೂ ಉಳಿಯಿತು.

ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಈಗ ಹಳ್ಳಿಯಲ್ಲೂ ಅಷ್ಟು ದನ ಯಾರ ಮನೆಯಲ್ಲಿದೆ? ಎಷ್ಟೋ ಗುಂಡಿ ಸಗಣಿ ಸಾಲದೆ ಬಾಯಿ ಮುಚ್ಚಿವೆ. ಹಿಂಡಿ ತೂಕಕ್ಕೆ ತೂಕ ಸಗಣಿಗಿಂತ ಎಷ್ಟೋ ಪಟ್ಟು ಜಾಸ್ತಿ ಗ್ಯಾಸ್ ಕೊಡುತ್ತದೆ, ಸಗಣಿಯಲ್ಲಿ ಬಹುಪಾಲು ನೀರೇ ಅಲ್ವಾ? ಆದರೆ ಅವಸರ ಮಾಡಬೇಡಿ. ಮೊದಲ ವಾರ ದಿನಕ್ಕೆ ಕಾಲು ಕಿಲೋ ಹಿಂಡಿ ರಾತ್ರಿ ನೆನೆಸಿ, ಬೆಳಿಗ್ಗೆ ಸಗಣಿ ನೀರಿನ ಜೊತೆ ಕಲಸಿ ಬಿಡಿ. ವಾರಕ್ಕೆ ಕಾಲು ಕಿಲೋದಂತೆ ಏರಿಸುತ್ತಾ ಒಂದೂವರೆ ಎರಡು ಕಿಲೋವರೆಗೆ ಹೋಗಬಹುದು. ಸಗಣಿ ಪೂರ್ತಿ ನಿಲ್ಲಿಸಬೇಡಿ. ಒಲೆಯ ಜ್ವಾಲೆ ಸಣ್ಣಗಾದರೆ, ಸ್ಲರಿ ಹುಳಿ ವಾಸನೆ ಹೊಡೆದರೆ ಒಂದು ವಾರ ಹಿಂಡಿ ನಿಲ್ಲಿಸಿ, ಬರೀ ಸಗಣಿ ಕೊಡಿ. ಗುಂಡಿ ತಾನೇ ಸರಿಹೋಗುತ್ತದೆ.

ದನಕ್ಕೆ ಹಾಕಬೇಡಿ. ಕಡಲೆಕಾಯಿ ಹಿಂಡಿಯ ಚೀಲದ ಪಕ್ಕ ಇದನ್ನು ಇಡಲೇಬೇಡಿ. ಕೆರೆ, ಕಟ್ಟೆಗೆ ತೊಳೆದು ಬಿಡುವುದೂ ಬೇಡ. ಹಿಂದೆ ಮೀನಿಗೆ ಮತ್ತು ಬರಿಸಿ ಹಿಡಿಯಲು ಹೊಂಗೆ ಬಳಸುತ್ತಿದ್ದರು. ಅಷ್ಟರಲ್ಲೇ ಅದರ ಗುಣ ಗೊತ್ತಾಗುತ್ತದೆ.

ಸಿಪ್ಪೆ

ನೀರೊಲೆಗೆ ಹಾಕಿ. ಸೌದೆಯ ಹಾಗೇ ಉರಿಯುತ್ತದೆ, ಬೇಗ ಹತ್ತುತ್ತದೆ. ಹೊಗೆ ಕಡಿಮೆಯಾಗಬೇಕೆಂದರೆ ಚಿಮಣಿ ಇರುವ ಅಸ್ತ್ರ ಒಲೆಯಂಥದ್ದು ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ತಂಡ ರೂಪಿಸಿದ ಒಲೆ ಅದು. ನಮ್ಮ ಹಳ್ಳಿಗಳಲ್ಲಿ ಅಲ್ಲಲ್ಲಿ ಇನ್ನೂ ಇದೆ. ಉಳಿದ ಸಿಪ್ಪೆ ಗಿಡದ ಬುಡಕ್ಕೆ ಮುಚ್ಚಿಗೆ.

ಈಗ ಪಂಪ್‌ಸೆಟ್ಟಿಗೆ ಬರೋಣ

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಜನರೇಟರ್ ಓಡಿಸಿ, ಕಗ್ಗನಹಳ್ಳಿ ಅನ್ನುವ ಹಳ್ಳಿಯಲ್ಲಿ ನೀರೆತ್ತುವ ಕೆಲಸ ಮಾಡಿಸಿದರು. ಅಂದರೆ ಓಡುತ್ತದೆ. ಪ್ರಶ್ನೆ ಇರುವುದು ಎಷ್ಟು ದಿನ ಅಂತ.

ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಮೊದಲ ವರ್ಷದ ಎಣ್ಣೆ ಬಟ್ಟೆಯಲ್ಲಿ ಒಂದು ಸಲ ಸೋಸಿ ನೇರವಾಗಿ ಟ್ಯಾಂಕಿಗೆ ಸುರಿದೆ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು, ಆಮೇಲೆ ಓಡಿತು. ಒಗ್ಗರಣೆ ಸೀದ ವಾಸನೆಯ ಬಿಳಿ ಹೊಗೆ. ಊರಿಗೆಲ್ಲ ಹೇಳಿಕೊಂಡು ಬಂದೆ. ಮೂರನೇ ವಾರಕ್ಕೆ ಎಂಜಿನ್ ಕುಂಟಲು ಶುರುವಾಯಿತು. ಮೆಕ್ಯಾನಿಕ್ ನಾಝಲ್ ಬಿಚ್ಚಿದಾಗ ಅದರ ಮೂತಿಗೆ ಮೆಣಸಿನ ಕಾಳಿನಷ್ಟು ಇದ್ದಿಲು ಗಂಟು ಕಟ್ಟಿತ್ತು. ಪಿಸ್ಟನ್ ರಿಂಗು ಅಂಟಿಕೊಂಡಿತ್ತು. ಎಂಜಿನ್ ಆಯಿಲ್ ಬೆಲ್ಲದ ಪಾಕದ ಹಾಗೆ ಗಟ್ಟಿ.

ಕಾರಣ ಸರಳ. 40 ಡಿಗ್ರಿಯಲ್ಲಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ ಮಂದ. ನಾಝಲ್ ಅದನ್ನು ಮಂಜಿನಂತೆ ಚಿಮ್ಮಿಸಲಾರದು, ಹನಿಯಾಗಿ ಬೀಳುತ್ತದೆ. ಹನಿ ಪೂರ್ತಿ ಉರಿಯದೆ ಇದ್ದಿಲಾಗುತ್ತದೆ. ಉರಿಯದೆ ಉಳಿದದ್ದು ಕೆಳಗಿಳಿದು ಎಂಜಿನ್ ಆಯಿಲ್ ಸೇರುತ್ತದೆ.

ಹಾಗಾಗಿ ಈಗ ಪಾಲಿಸುವ ನಿಯಮ ಹೀಗಿದೆ. ನಿಧಾನ ಓಡುವ, ನೀರಿನಲ್ಲಿ ತಂಪಾಗುವ ಹಳೇ ಒಂಟಿ ಸಿಲಿಂಡರಿನ ಎಂಜಿನ್ನಿಗೆ ಮಾತ್ರ. ಟ್ರ್ಯಾಕ್ಟರಿಗೆ, ಕಾರಿಗೆ, ವಾರಂಟಿ ಇರುವ ಯಾವುದಕ್ಕೂ ಇಲ್ಲ. ಅರಿಶಿನದ ಪರೀಕ್ಷೆಯಲ್ಲಿ ಪಾಸಾದ ಎಣ್ಣೆಯನ್ನು 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ನಾಲ್ಕು ಪಾಲು ಡೀಸೆಲ್‌ಗೆ ಒಂದು ಪಾಲು ಎಣ್ಣೆ, ಅದಕ್ಕಿಂತ ಜಾಸ್ತಿ ಬೇಡ. ಬರೀ ಡೀಸೆಲ್‌ನಲ್ಲಿ ಶುರು ಮಾಡಿ, ಹತ್ತು ನಿಮಿಷ ಬಿಸಿಯಾದ ಮೇಲೆ ಬೆರಕೆಯ ಟ್ಯಾಂಕಿಗೆ ಬದಲಿಸಿ. ನಿಲ್ಲಿಸುವ ಐದು ನಿಮಿಷ ಮುಂಚೆ ಮತ್ತೆ ಬರೀ ಡೀಸೆಲ್. ಪೈಪಿನಲ್ಲಿ ಎಣ್ಣೆ ಉಳಿದರೆ ಬೆಳಿಗ್ಗೆ ಅದು ಅಂಟು. ಎಂಜಿನ್ ಆಯಿಲ್ ಬದಲಿಸುವ ಅವಧಿ ಅರ್ಧಕ್ಕೆ ಇಳಿಸಿ.

5 ಎಚ್‌ಪಿ ಪಂಪು ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಲೀಟರಿಗೆ ಲೀಟರ್ ಹೊಂಗೆ ಎಣ್ಣೆಯ ಕಸುವು ಡೀಸೆಲ್‌ಗಿಂತ ಸ್ವಲ್ಪವೇ ಕಡಿಮೆ, ಶೇ ಹತ್ತರೊಳಗೆ. ಮನೆಖರ್ಚು ಕಳೆದು 50 ಲೀಟರ್ ಉಳಿದರೆ ಅಷ್ಟು ಗಂಟೆಯ ಹತ್ತಿರಹತ್ತಿರ ನೀರಾಯಿತು.

ಬಯೋಡೀಸೆಲ್ ಮನೆಯಲ್ಲಿ ಬೇಡ

ಎಣ್ಣೆಯ ಮಂದತನ ಇಳಿಸುವ ಸರಿಯಾದ ದಾರಿ ಬಯೋಡೀಸೆಲ್ಲೇ. ಎಣ್ಣೆಯ ಒಂದೊಂದು ಕಣದಲ್ಲೂ ಗ್ಲಿಸರಿನ್‌ಗೆ ಮೂರು ಉದ್ದ ಬಾಲ ಅಂಟಿಕೊಂಡಿರುತ್ತವೆ. 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್, ಸ್ವಲ್ಪ ಕಾಸ್ಟಿಕ್ ಸೇರಿಸಿ 60 ಡಿಗ್ರಿ ಕಾವಿನಲ್ಲಿ ಕಲಕಿದರೆ ಬಾಲಗಳು ಕಳಚಿ ಮೆಥನಾಲ್ ಜೊತೆ ಸೇರುತ್ತವೆ. ಮೇಲೆ ತೆಳು ಬಯೋಡೀಸೆಲ್, ಕೆಳಗೆ ಕಪ್ಪು ಗ್ಲಿಸರಿನ್. ಆಮ್ಲ ಜಾಸ್ತಿ ಇದ್ದ ಎಣ್ಣೆಗೆ ಇದಕ್ಕೂ ಮುಂಚೆ ಗಂಧಕಾಮ್ಲದ ಒಂದು ಸುತ್ತು ಬೇಕು.

ಇದರಲ್ಲಿ ತೊಂದರೆ ಕೊಡುವುದು ಮೆಥನಾಲ್. 65 ಡಿಗ್ರಿಗೇ ಕುದಿಯುತ್ತದೆ. ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಉಸಿರಿನಲ್ಲಿ, ಚರ್ಮದಲ್ಲಿ ಒಳಗೆ ಹೋದರೂ ವಿಷ, ಕಣ್ಣೇ ಹೋಗಬಹುದು. ಹಿತ್ತಲಿನ ಒಲೆ ಮೇಲೆ ಮಾಡುವ ಕೆಲಸ ಇದಲ್ಲ. ವೀಡಿಯೊ ನೋಡಿ ಶುರು ಮಾಡಬೇಡಿ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಶುರು ಮಾಡಿದ ಜೈವಿಕ ಇಂಧನ ಉದ್ಯಾನ ಇದೆ. ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ ಬನ್ನಿ. ಹೊಂಗೆ, ಬೇವು, ಇಪ್ಪೆ, ಸೀಮರೂಬ ಎಲ್ಲದರ ಕೆಲಸವನ್ನೂ ಅಲ್ಲಿ ಮಾಡಿದ್ದಾರೆ.

ದುಡ್ಡಿನ ಲೆಕ್ಕ

ಬೆಲೆ ಊರಿಂದ ಊರಿಗೆ ಬೇರೆ. ಲೆಕ್ಕದ ರೀತಿ ತೋರಿಸಲು ಸುಮ್ನೆ ಒಂದು ಬೆಲೆ ಇಟ್ಟುಕೊಳ್ಳೋಣ: ಬೀಜ ಕಿಲೋಗೆ 30 ರೂಪಾಯಿ, ಆಡಿಸುವ ಕೂಲಿ ಕಿಲೋ ಬೀಜಕ್ಕೆ 5, ಹಿಂಡಿ ಕಿಲೋಗೆ 20. ಒಂದು ಕಿಲೋ ಎಣ್ಣೆಗೆ ನಾಲ್ಕು ಕಿಲೋ ಬೀಜ, ಕೂಲಿ ಸೇರಿ 140 ರೂಪಾಯಿ. ಲೀಟರಿಗೆ 130. ಹಿಂಡಿಯ ಬೆಲೆ ಲೆಕ್ಕಕ್ಕೆ ಹಿಡಿಯದಿದ್ದರೆ ಇದೇ ಬೆಲೆ. ಹಿಂಡಿ ಮನೆಗೆ ತಂದರೆ ಆ 140ರಲ್ಲಿ 57 ರೂಪಾಯಿ ಕಳೆಯಿರಿ, ಕಿಲೋಗೆ 83, ಲೀಟರಿಗೆ 77. ನಿಮ್ಮೂರಿನ ಬೆಲೆ ಹಾಕಿ, ಬಂಕಿನ ಡೀಸೆಲ್ ಬೆಲೆಯ ಪಕ್ಕ ಇಟ್ಟು ನೋಡಿ. ಬೀಜ ನಿಮ್ಮದೇ ಬದುವಿನದ್ದಾದರೆ, ಬಡಿಯುವ ಕೈಗಳೂ ಮನೆಯವೇ ಆದರೆ ಲೆಕ್ಕ ಬೇರೆಯೇ. ಆದರೆ ಮನೆಯವರ ಕೂಲಿ ಸೊನ್ನೆ ಅಂತ ಬರೆಯಬೇಡಿ. ಅದು ಹಳೇ ಚಾಳಿ.

ಇನ್ನೊಂದು ಹಳೇ ಚಾಳಿ ಜಟ್ರೋಫಾ, ಅಂದರೆ ಬಯೋಡೀಸೆಲ್‌ಗೆಂದು ಹಾಕಿದ ಕಾಡುಹರಳು. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ರೊಳಗೆ ಡೀಸೆಲ್‌ಗೆ ಶೇ 20 ಬಯೋಡೀಸೆಲ್ ಬೆರೆಸುವ ಕನಸು ಕಂಡಿತ್ತು. ಎಷ್ಟೋ ರೈತರು ಒಳ್ಳೇ ಹೊಲಕ್ಕೇ ಜಟ್ರೋಫಾ ಹಾಕಿ, ಇಳುವರಿ ಬಾರದೆ ಕಿತ್ತು ಹಾಕಿದರು. 2018ರ ನೀತಿ ಗುರಿಯನ್ನು 2030ಕ್ಕೆ ಶೇ 5ಕ್ಕೆ ಇಳಿಸಿತು. ನಮ್ಮ ರಾಜ್ಯದ 'ಬರಡು ಬಂಗಾರ' ಯೋಜನೆ ಬದುವಿನ ಮೇಲೆ ಗಿಡ ಹಾಕಿ ಅಂದದ್ದು ನನಗೆ ಸರಿ ಅನ್ನಿಸುತ್ತದೆ. ಹೊಂಗೆ ಹೊಲದ ಅಂಚಿನ ಮರ. ರಾಗಿ ಬೆಳೆಯುವ ಜಾಗ ಅದಕ್ಕೆ ಕೊಡಬೇಡಿ.

ಹೊಸ ಗಿಡ ಹಾಕುವುದಾದರೆ

ಸುಣ್ಣದ ಗುರುತು ಹಾಕಿದ ಮರದ ದಪ್ಪ ಬೀಜ ಆರಿಸಿಕೊಳ್ಳಿ. ಒಂದು ವರ್ಷ ಇಟ್ಟರೆ ಹುಟ್ಟುವುದು ಕಡಿಮೆ, ಆ ಸಾಲಿನದ್ದೇ ಹಾಕಿ. ರಾತ್ರಿಯಿಡೀ ನೀರಲ್ಲಿ ನೆನೆಸಿ, ಮಣ್ಣು ಗೊಬ್ಬರ ತುಂಬಿದ ಚೀಲದಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಊರಿ. ಎರಡು ವಾರದಲ್ಲಿ ಮೊಳಕೆ ಕಾಣುತ್ತದೆ. ಮುಂದಿನ ಮುಂಗಾರಿಗೆ ಬದುವಿನ ಮೇಲೆ ಐದು ಮೀಟರಿಗೊಂದರಂತೆ ನೆಡಿ. ಮೊದಲ ಎರಡು ವರ್ಷ ಬೇಸಿಗೆಯಲ್ಲಿ ತಿಂಗಳಿಗೆರಡು ಬಿಂದಿಗೆ ನೀರು ಸಾಕು. ಮೇಕೆ ಇದನ್ನು ಅಷ್ಟಾಗಿ ಇಷ್ಟಪಡುವುದಿಲ್ಲ, ಹಾಗಾಗಿ ಬೇಲಿಯ ಖರ್ಚು ಉಳಿಯುತ್ತದೆ. ಬೀಜದ ಗಿಡ ಕಾಯಿಗೆ ಬರಲು ಐದಾರು ವರ್ಷ ಬೇಕು. ಕಸಿ ಸಸಿ ಸಿಕ್ಕರೆ ಮೂರು ನಾಲ್ಕೇ ವರ್ಷ ಸಾಕು. ಅಲ್ಲಿವರೆಗೆ ಸೊಪ್ಪು ಕೊಯ್ದು ಗದ್ದೆಗೆ ತುಳಿಸಬಹುದು, ಆದರೆ ಮೂರನೇ ವರ್ಷ ದಾಟುವವರೆಗೆ ತುದಿಗೆ ಮಚ್ಚು ಹಾಕಬೇಡಿ.